ಮೂವತ್ತೊಂದನೆಯ ಪ್ರಶ್ನೆ

ಆ ನಮೂನೆಯಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಉಳಿದ ನಲವತ್ತೊಂದಕ್ಕೆ ನಾನು ಏನು ಬರೆದೆನೋ ಈಗ ಸರಿಯಾಗಿ ನೆನಪಿಲ್ಲ. ಬಾವಿಗಳೆಷ್ಟು, ಗಾಡಿಗಳೆಷ್ಟು, ಕೋವಿ ಹಿಡಿಯಬಲ್ಲ ಗಂಡಸರೆಷ್ಟು ಎಂಬಂಥವು. ಮೂವತ್ತೊಂದನೆಯದು ಮಾತ್ರ ಕಣ್ಣು ಮುಚ್ಚಿದರೆ ಅಚ್ಚಿನ ಅಕ್ಷರದಲ್ಲೇ ಕಾಣುತ್ತದೆ. "ಊರಿನ ಜನ ಮಲಗಿರುವ ಹೊತ್ತಿನಲ್ಲಿ ಕಾವಲು ಯಾರದು? ಒಂದು ಸಾಲಿನಲ್ಲಿ ಬರೆಯಿರಿ."

ನಾನು ಓದಿದ್ದು ಸಂಜೆ ಶಾಲೆಯಲ್ಲಿ. ಹಗಲು ಊರಿನ ಕಚೇರಿಯಲ್ಲಿ ಕಸ ಗುಡಿಸಿ, ಹರವಿಗೆ ನೀರು ತುಂಬಿಸಿ, ಸಂಜೆ ಪರಮೇಶಿ ಮೇಷ್ಟ್ರ ಮುಂದೆ ಕೂರುತ್ತಿದ್ದೆ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಮೂರನೆಯ ಸಲಕ್ಕೆ ಪಾಸಾದೆ. ಮೇಷ್ಟ್ರು ಕಲಿಸಿದ್ದರಲ್ಲಿ ಅರ್ಧ ಮರೆತಿದ್ದೇನೆ, ಒಂದು ಮಾತು ಮಾತ್ರ ಬಿಟ್ಟುಹೋಗಿಲ್ಲ. "ಗೊತ್ತಿರೋದನ್ನ ಇದ್ದಂಗೆ ಬರಿ ಮಾದಯ್ಯ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬರಿ. ಖಾಲಿ ಮಾತ್ರ ಬಿಡಬ್ಯಾಡ. ಖಾಲಿ ಬಿಟ್ಟೋನು ಏನೋ ಮುಚ್ಚಿಟ್ಟವ್ನೆ ಅಂತ ಲೆಕ್ಕ." ಹಾಗಾಗಿ ಖಾಲಿ ಜಾಗ ಕಂಡರೆ ನನಗೆ ಇವತ್ತಿಗೂ ಅಂಗೈ ಬೆವರುತ್ತದೆ.

ನಮ್ಮೂರಿಗೂ ಹೊಳೆಯಾಚೆಯ ಊರಿಗೂ ಇದ್ದದ್ದು ಒಂದೇ ನಿದ್ದೆ. ಅದು ಇಲ್ಲಿದ್ದರೆ ಅಲ್ಲಿಲ್ಲ, ಅಲ್ಲಿದ್ದರೆ ಇಲ್ಲಿಲ್ಲ. ಬೆಳುದಿಂಗಳ ಪಕ್ಷದಲ್ಲಿ ರಾತ್ರಿಯ ನಿದ್ದೆ ನಮ್ಮದು, ಹಗಲಿನದು ಅವರದು. ಕತ್ತಲ ಪಕ್ಷದಲ್ಲಿ ಅದಲುಬದಲು. ಸಂಜೆಗೊಮ್ಮೆ, ಬೆಳಗಿಗೊಮ್ಮೆ ಸೇತುವೆಯ ನಡುವೆ ಈ ಊರಿನ ಒಬ್ಬರು ಆ ಊರಿನ ಒಬ್ಬರು ನಿಂತು, ಅಂಗೈಗೆ ಅಂಗೈ ಕೊಟ್ಟು ಅದನ್ನು ದಾಟಿಸಬೇಕು. ದಾಟಿಸುವ ಮುಂಚೆ ಕೊಡುವವರು ಕೊಂಬು ಊದಬೇಕು, ಮೂರು ಸಲ, ನಡುನಡುವೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಬಿಡುವು ಕೊಟ್ಟು. ಮೊದಲ ಕೊಂಬಿಗೆ ಮರ ಹತ್ತಿದವರು ಇಳಿಯುತ್ತಾರೆ, ನೀರಲ್ಲಿದ್ದವರು ದಡ ಸೇರುತ್ತಾರೆ. ಎರಡನೆಯದಕ್ಕೆ ಒಲೆ ಆರಿಸುತ್ತಾರೆ. ಮೂರನೆಯದಕ್ಕೆ ಚಾಪೆ ಹಾಸುತ್ತಾರೆ. ನಿದ್ದೆ ದಾಟಿದ ಮೊದಲ ಗಳಿಗೆ ಎಂಥ ಗಟ್ಟಿಗನಿಂದಲೂ ತಡೆಯಲಾಗುವುದಿಲ್ಲ. ಆಮೇಲೆ ಏಳಬೇಕಾದವರು ಏಳಬಹುದು. ಕೊಡುವವರು ಹೇಳಬೇಕಾದ ಮಾತು ಒಂದಿದೆ: "ಮನಿಕ್ಕಳಿ, ನಾವಿದ್ದೀವಿ." ಪಡೆಯುವವರು ಹೇಳಬೇಕಾದದ್ದು: "ನಿಮ್ಮೇಲೆ ಬುಟ್ಟೀವಿ."

ಮಾತು ಬರೀ ಮಾತಾಗಿರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ನಮ್ಮ ಬೀದಿಗೆ ಬೆಂಕಿ ಬಿತ್ತಂತೆ. ಊರಿಗೆ ಊರೇ ಮಲಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಗಳೆಲ್ಲ ಒದ್ದೆ, ಅಂಗಳದಲ್ಲಿ ಆಚೆಯೂರಿನ ಕೊಡಗಳು, ತೊಟ್ಟಿಲು ಬೇವಿನ ಮರದ ಕೆಳಗೆ, ನನ್ನ ಮೇಲೆ ಯಾರದೋ ಕಂಬಳಿ. ಆ ಕಂಬಳಿ ಯಾರದೆಂದು ಕೊನೆಗೂ ತಿಳಿಯಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ನಮ್ಮೂರಿನ ಕೊಂಬಿನವನು ನಾನು, ಅಪ್ಪನ ನಂತರ. ಆಚೆಯೂರಿನ ಪರವಾಗಿ ಬರುತ್ತಿದ್ದವಳು ನನ್ನ ಅಕ್ಕ ತಾಯಮ್ಮ. ಹರಿಗೋಲಿನ ಕೆಂಪಸಿದ್ದನಿಗೆ ಕೊಟ್ಟು ಮದುವೆಯಾಗಿ ಹೋದವಳು. ಹೊಳೆ ದಾಟಿದವರಿಗೆ ಮೊದಲ ಮೂರು ದಿನ ಎರಡೂ ಊರಿನ ನಿದ್ದೆ ಸಿಗುವುದಿಲ್ಲ, ಆಮೇಲೆ ನಿಂತ ಊರಿನದು ಹಿಡಿಯುತ್ತದೆ. ಹಾಗೆ ಅವಳಿಗೆ ಆ ಊರು ಹಿಡಿಯಿತು. ಕೊಟ್ಟ ಹೆಣ್ಣನ್ನು ವರ್ಷಕ್ಕೊಮ್ಮೆ ನೋಡುವವರುಂಟು. ನಾನು ದಿನಕ್ಕೆರಡು ಸಲ ನೋಡುತ್ತಿದ್ದೆ. ನಿದ್ದೆ ಪಡೆದವರು ಸೇತುವೆ ತುದಿಯ ಕಲ್ಲುಕಟ್ಟೆ ಸೇರುವಷ್ಟರಲ್ಲಿ ಕಾಲು ಸೋಲುತ್ತದೆ. ಎಷ್ಟೋ ಸಲ ಅಲ್ಲೇ ಉರುಳಿ, ಎದ್ದಾಗ ಅಕ್ಕನ ಸೀರೆಯ ತುಂಡೊಂದು ಮೈಮೇಲಿರುತ್ತಿತ್ತು. "ಲೋ, ಗೊರ್ಕೆ ಹೊಡ್ದು ಮೀನೆಲ್ಲ ಓಡಿಸ್ಬುಟ್ಟೆ, ನಿಮ್ ಬಾವ ಬೈತಾವ್ರೆ," ಎನ್ನುವಳು.

ಮೂಡಣ ಸೀಮೆಯ ದಂಡು ಮೂರು ಹಗಲಿನ ದಾರಿಯಲ್ಲಿದ್ದ ಕೋಟೆಯೂರನ್ನು ನುಂಗಿದ ಮೇಲೆ ನಮ್ಮವರಿಗೆ ಹೆದರಿಕೆ ಶುರುವಾಯಿತು. ಹೆದರಿಕೆ ಸುಳ್ಳಲ್ಲ, ಇದನ್ನು ನಾನು ಒಪ್ಪಿಕೊಳ್ಳಬೇಕು. ಕೋಟೆಯೂರಿನಿಂದ ಓಡಿಬಂದವರಿಗೆ ನಾನೇ ಕಚೇರಿಯ ಜಗಲಿಯಲ್ಲಿ ಗಂಜಿ ಬಡಿಸಿದ್ದೇನೆ. ಪಡುವಣದ ಬಯಲಿನಲ್ಲಿ ಹತ್ತೊಂಬತ್ತು ಊರುಗಳ ಒಕ್ಕೂಟವಿತ್ತು. ಒಂದರ ಮೇಲೆ ಬಿದ್ದರೆ ಎಲ್ಲದರ ಮೇಲೂ ಬಿದ್ದಂತೆ ಎಂಬುದು ಅವರ ಕರಾರು. ಯಜಮಾನರು ನಿಂಗರಾಜಪ್ಪ ಸಭೆ ಸೇರಿಸಿ, ಇಪ್ಪತ್ತನೆಯ ಊರಾಗೋಣ ಎಂದರು. ಯಾರೂ ಬೇಡವೆನ್ನಲಿಲ್ಲ. ನಾನೂ ಕೈ ಎತ್ತಿದೆ.

ಆ ಸಂಜೆ ಸೇತುವೆಯ ಮೇಲೆ ಅಕ್ಕನಿಗೆ ಹೇಳಿದೆ.

"ಸೇರ್ಕಳಿ. ಬ್ಯಾಡ ಅನ್ನಕ್ಕೆ ನಾನ್ಯಾರ್ಲಾ. ನಮ್ಮನ್ನೂ ಒಂದ್ ಮಾತು ಕೇಳ್ಬೋದಿತ್ತು."

"ನಿಮ್ಮೂರು ಹೊಳೆಯಾಚೆ ಅಕ್ಕ. ಅವರ ನಕ್ಷೆ ಹೊಳೆಗೇ ನಿಲ್ತದಂತೆ."

"ನಮ್ಮೂರೇನು ನಕ್ಷೆ ಮ್ಯಾಲೆ ಮನಿಕ್ಕಂತದಾ?" ಎಂದು ನಕ್ಕಳು. ಆಮೇಲೆ ಕೈ ಚಾಚಿ, "ಬಾ, ಹೊತ್ತಾಯ್ತು. ಮನಿಕ್ಕಳಿ, ನಾವಿದ್ದೀವಿ," ಎಂದಳು.

ನಮೂನೆ ತುಂಬುವ ಕೆಲಸ ನನಗೆ ಬಂತು, ಅಕ್ಷರ ದುಂಡಗಿದೆಯೆಂದು. ಮೂವತ್ತೊಂದನ್ನು ಗಟ್ಟಿಯಾಗಿ ಓದಿದಾಗ ನಿಂಗರಾಜಪ್ಪನವರು ಎಲೆಗೆ ಸುಣ್ಣ ಸವರುತ್ತಾ, "ಅದೊಂದ ಬುಟ್ಬುಡು," ಎಂದರು.

"ಖಾಲಿ ಬಿಟ್ರೆ ತಪ್ಪಾಯ್ತದೆ ಯಜಮಾನ್ರೆ."

"ಹಂಗಾರೆ ನಾವೇಯಾ ಅಂತ ಗೀಚು."

"ನಾವು ಮಲಗಿರ್ತೀವಲ್ಲ."

ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಇವನ್ನ ಓದ್ಸಿದ್ದೇ ತೆಪ್ಪಾಯ್ತು ಕಣ್ರಪ್ಪ," ಎಂದರು ಯಜಮಾನರು. ಎಲೆ ಬಾಯಿಗಿಟ್ಟುಕೊಂಡು, "ಏನಾರ ಬರ್ಕೊ," ಎಂದು ಎದ್ದು ಹೋದರು. ನಾನು ಎರಡು ದಿನ ಯೋಚಿಸಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: "ಹೊಳೆಯಾಚೆಯ ಊರಿನವರದು." ಸಾಲಿನಲ್ಲಿ ಇನ್ನೂ ಜಾಗವಿತ್ತು. ಬೆಂಕಿಯ ಕತೆ, ಕಂಬಳಿಯ ಕತೆ ಬರೆಯಬಹುದಿತ್ತೋ ಏನೋ. ಒಂದು ಸಾಲು ಎಂದಿದ್ದರಿಂದ ಬರೆಯಲಿಲ್ಲ.

ಎರಡು ತಿಂಗಳಿಗೆ ಒಪ್ಪಿಗೆ ಬಂತು, ಜೊತೆಗೆ ಒಬ್ಬ ಅಧಿಕಾರಿ, ಅರವತ್ತು ಜನ ಕಾವಲಿನವರು, ಗಾಡಿಯ ಮೇಲೆ ಒಂದು ಕಬ್ಬಿಣದ ಗೇಟು. ಅಧಿಕಾರಿ ಕೆಟ್ಟವರೇನಲ್ಲ. ಮೆಲ್ಲಗೆ ಮಾತಾಡುವವರು, ಎಲ್ಲರಿಗೂ ಕೈಮುಗಿಯುವವರು. ನನ್ನ ನಮೂನೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಇಷ್ಟು ಪ್ರಾಮಾಣಿಕವಾಗಿ ತುಂಬಿದ ನಮೂನೆಯನ್ನು ನಾನು ನೋಡಿಲ್ಲ," ಎಂದರು. ನನಗೆ ಹೆಮ್ಮೆಯಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಆಮೇಲೆ ಅವರು ಮೂವತ್ತೊಂದರ ಮೇಲೆ ಬೆರಳಿಟ್ಟರು. "ಸದಸ್ಯರಲ್ಲದವರ ಕೈಯಲ್ಲಿ ಊರಿನ ಕಾವಲನ್ನು ಬಿಡುವಂತಿಲ್ಲ. ಇನ್ನು ಮೇಲೆ ಆ ಹೊರೆ ನಮ್ಮದು. ನೀವು ನೆಮ್ಮದಿಯಾಗಿ ಮಲಗಿ."

ಬೆಳುದಿಂಗಳ ಪಕ್ಷದ ಒಂದು ಬೆಳಿಗ್ಗೆ, ನಾನು ನಿದ್ದೆ ಹಿಂತಿರುಗಿಸಲು ಹೋಗುವ ಮೊದಲೇ, ಸೇತುವೆಯ ನಡುವೆ ಗೇಟು ನಿಂತಿತ್ತು. ನಿದ್ದೆ ನಮ್ಮ ಕಡೆ ಉಳಿದುಬಿಟ್ಟಿತು.

ಮೊದಲ ವಾರ ನಮ್ಮೂರಿನವರಿಗೆ ಅದೊಂದು ಹಬ್ಬ. ರಾತ್ರಿ ಮಲಗಿದವರು ಹಗಲೂ ಮಲಗಿದರು. ಅಂಗಡಿ ಕಟ್ಟೆಗಳ ಮೇಲೆ, ಗಾಣದ ನೆರಳಲ್ಲಿ, ಬೇಕೆಂದಾಗ ಬೇಕೆಂದಲ್ಲಿ. ನನ್ನ ಹೆಂಡತಿ ಸುಂದ್ರಮ್ಮನ ಎಷ್ಟೋ ವರ್ಷದ ತಲೆನೋವು ಹೋಯಿತು. ನನಗೂ ಎಂಥ ನಿದ್ದೆ ಬಂತೆಂದರೆ ಒಂದು ದಿನ ಸಂಜೆ ಸೇತುವೆಗೆ ಹೋಗುವುದನ್ನೇ ಮರೆತೆ. ಹೋಗಬೇಕಾದ್ದೇನೂ ಇರಲಿಲ್ಲ ನಿಜ. ಆದರೆ ಅಕ್ಕ ಬಂದಿದ್ದಳಂತೆ. ಗೇಟಿನ ಕಾವಲಿಗಿದ್ದ ದಾಮಣ್ಣ, ನಲವತ್ತೈದರ ಮೇಲಿನ ಬಯಲುಸೀಮೆಯವನು, ಮಾರನೆಯ ದಿನ ಹೇಳಿದ. "ನಿನ್ನ ಅಕ್ಕ ಬಂದು ಆ ತುದೀಲಿ ನಿಂತು, ಮಲಗಿ ನಾವಿದ್ದೀವಿ ಅಂತ ಕೂಗಿ ಹೋದಳಪ್ಪ. ಯಾರಿಗೆ ಕೂಗಿದ್ದು ಅದು?"

ಆಚೆಯೂರಿನಲ್ಲಿ ದೀಪ ಆರುವುದು ನಿಂತಿತು. ಸುಣ್ಣ ಬಳಿದ ಗೋಡೆಗೇ ಮತ್ತೆ ಸುಣ್ಣ ಬಳಿಯುತ್ತಿದ್ದರು, ಉತ್ತ ಹೊಲವನ್ನೇ ಮತ್ತೆ ಉಳುತ್ತಿದ್ದರು. ಹತ್ತು ದಿನವಾದ ಮೇಲೆ ಅದನ್ನೂ ಬಿಟ್ಟರು. ದಡದುದ್ದಕ್ಕೂ ಬಂದು ಕೂತು, ಸುಮ್ಮನೆ ನಮ್ಮೂರನ್ನು ನೋಡತೊಡಗಿದರು. ನಮ್ಮವರು ಕಟ್ಟೆಯ ಮೇಲೆ ಮಲಗಿರುವುದನ್ನು ಹಸಿದವರು ಊಟದೆಲೆ ನೋಡುವ ಹಾಗೆ ನೋಡುವರು. ಅಧಿಕಾರಿ ದೂರದರ್ಶಕ ಹಿಡಿದು ಎಣಿಸಿದರು. "ಮುನ್ನೂರು ಜನ ಹಗಲೂ ರಾತ್ರಿ ನಮ್ಮನ್ನೇ ಗಮನಿಸುತ್ತಿದ್ದಾರೆ" ಎಂದು ಬರೆದು ಕಳಿಸಿದರು. ಇನ್ನೂ ಅರವತ್ತು ಜನ ಕಾವಲಿನವರು ಬಂದರು. ಅದನ್ನು ಕಂಡು ಆಚೆಯವರು ಹೆದರಿ ಮೂಡಣ ಸೀಮೆಗೆ ಹೇಳಿಕಳಿಸಿದರು. ಅಲ್ಲಿಂದ ನಲವತ್ತು ಜನ ಕೋವಿಯವರು ಬಂದು ಆ ತುದಿಯಲ್ಲಿ ಡೇರೆ ಹಾಕಿದರು. ಮೂರು ದಿನದ ಮೇಲೆ ಅವರ ಕಣ್ಣೂ ಕೆಂಪಾದವು. "ನೋಡಿದಿರಾ," ಎಂದರು ಅಧಿಕಾರಿ, "ನಾವು ಬಂದದ್ದು ಎಷ್ಟು ಒಳ್ಳೆಯದಾಯಿತು."

ನಾನು ಅರ್ಜಿ ಬರೆದೆ. ದಿನಕ್ಕೆ ಎರಡು ಸಲ, ಒಂದೊಂದೇ ಗಳಿಗೆ ಗೇಟು ತೆಗೆದರೆ ಸಾಕೆಂದು. ಮೂರು ಸಲ ತಿದ್ದಿ ಬರೆದೆ. ಅಧಿಕಾರಿ ಅದನ್ನು ಮರ್ಯಾದೆಯಿಂದಲೇ ತೆಗೆದುಕೊಂಡು, "ಇದಕ್ಕೆ ಹತ್ತೊಂಬತ್ತು ಊರುಗಳೂ ಒಪ್ಪಬೇಕು," ಎಂದರು. ಹದಿನೆಂಟು ಊರು ಒಪ್ಪಿದವು. ಹತ್ತೊಂಬತ್ತನೆಯ ಊರಿನ ಯಜಮಾನರು ಮಗಳ ಮದುವೆಯ ಓಡಾಟದಲ್ಲಿದ್ದರಂತೆ. ನಾನು ಕಾದೆ. ಕಾಯುವುದೇ ಸರಿಯೆಂದು ಆಗ ಅನ್ನಿಸಿತ್ತು.

ದಾಮಣ್ಣ ಕಂಬಿಯವರೆಗೆ ಬಿಡುತ್ತಿದ್ದ, ಕೈ ಚಾಚಕ್ಕಿಲ್ಲ ಎಂಬ ಮಾತಿನ ಮೇಲೆ. ಅಕ್ಕ ದಿನಾ ಸಂಜೆ ಬರುತ್ತಿದ್ದಳು. ಮೂಡಣದ ಕೋವಿಯವರು ಅವಳನ್ನು ತಡೆಯುತ್ತಿರಲಿಲ್ಲ. ಅವರಿಗೂ ತಡೆಯುವಷ್ಟು ಹುಮ್ಮಸ್ಸಿರಲಿಲ್ಲ. ಅವಳ ಮಗಳ ಮಗು, ಮೂರು ತಿಂಗಳದ್ದು, ಅವಳ ಮನೆಯಲ್ಲೇ ಇತ್ತು. ಮೊದಮೊದಲು ಅದರ ಅಳು ನಮ್ಮ ದಡಕ್ಕೆ ಕೇಳುತ್ತಿತ್ತು.

"ಬಾವ ಎಂಗವ್ರೆ?" ಎಂದರೆ, "ಅವ್ರದು ಬ್ಯಾರೇ ಕತೆ. ಹರಿಗೋಲ ತಗಂಡೋಗಿ ನಡುನೀರಲ್ಲಿ ಕೂರ್ತಾರೆ. ತೊಟ್ಲಂಗೆ ತೂಗ್ತದೆ, ಅಲ್ಲಾರ ಜೋಂಪು ಹತ್ತೀತು ಅಂತಾರೆ," ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಇಪ್ಪತ್ತಮೂರನೆಯ ದಿನ ಅವಳು ಬಂದಾಗ ಹೊತ್ತು ಮುಳುಗುತ್ತಿತ್ತು. ಕಂಬಿ ಹಿಡಿದುಕೊಂಡೇ ನಿಂತಳು, ಬಿಟ್ಟರೆ ಬೀಳುವವಳ ಹಾಗೆ.

"ಕೂಸು ಅಳೋದ ಬುಟ್ಟದೆ ಕಣ್ಲಾ ಮಾದ."

"ಒಳ್ಳೇದಲ್ವಾ ಅಕ್ಕ?"

"ಅಳಕ್ಕೂ ತ್ರಾಣಿಲ್ಲ. ಕಣ್ಣ ಬುಟ್ಕಂಡು ಸೂರ ನೋಡ್ತಾ ಬಿದ್ದದೆ. ನಾಳೀಕೆ ಇರಕ್ಕಿಲ್ಲ." ಕಂಬಿಯ ಸಂದಿಯಿಂದ ಅಂಗೈ ಈಚೆ ಚಾಚಿದಳು. ಏನೂ ಬೇಡಲಿಲ್ಲ.

ದಾಮಣ್ಣ ಕೋವಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ. "ಈಗ ನಾನು ಆ ಕಡೆ ತಿರುಗಿ ಬೀಡಿ ಹಚ್ತೀನಿ," ಎಂದ. "ಬೀಡಿ ಮುಗಿಯೋವರೆಗೆ ನಂಗೆ ಏನೂ ಕಾಣೋದಿಲ್ಲ."

ಕೊಂಬು ನನ್ನ ಹೆಗಲಲ್ಲೇ ಇತ್ತು. ಊದಿದರೆ ಐವತ್ತು ಹೆಜ್ಜೆಯಲ್ಲಿದ್ದ ಅಧಿಕಾರಿಯ ಡೇರೆಗೆ ಕೇಳುತ್ತದೆ. ಹತ್ತೊಂಬತ್ತನೆಯ ಊರು ಇನ್ನೂ ಒಪ್ಪಿರಲಿಲ್ಲ.

"ಎಲ್ಲಾರೂ ದಡದ ಮ್ಯಾಲವ್ರಾ?" ಎಂದು ಕೇಳಿದೆ. ಕೇಳಿದೆ ಎಂಬುದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

"ಅವ್ರೆ. ಕೊಡು ಕಣ್ಲಾ."

ಅಂಗೈಗೆ ಅಂಗೈ ಕೊಟ್ಟು, "ಮನಿಕ್ಕಳಿ, ನಾವಿದ್ದೀವಿ," ಎಂದೆ. ಅವಳು "ನಿಮ್ಮೇಲೆ" ಎನ್ನುವಷ್ಟರಲ್ಲಿ ಕುಸಿದಳು. ಕೈ ಮಾತ್ರ ಕಂಬಿಯ ಈಚೆಯೇ ಉಳಿದಿತ್ತು. ಅವಳ ಹಿಂದೆ ದಡದುದ್ದಕ್ಕೂ ಕೂತಿದ್ದವರು ಒಬ್ಬರ ಮೇಲೊಬ್ಬರು ಒರಗಿದರು. ಮೂಡಣದ ನಲವತ್ತು ಜನ ನಿಂತಲ್ಲೇ ಕೋವಿಯ ಮೇಲೆ ಜೋತು, ಆಮೇಲೆ ಮೆಲ್ಲಗೆ ನೆಲಕ್ಕಿಳಿದರು. ಎಷ್ಟೋ ದಿನದ ಮೇಲೆ ಆಚೆಯೂರಿನಿಂದ ಒಂದು ಸದ್ದೂ ಬರಲಿಲ್ಲ. ಸಂತೋಷದಿಂದ ನನಗೆ ಅಳು ಬಂತು.

ನನ್ನ ಹಿಂದೆ ನಮ್ಮೂರಿನಲ್ಲಿ ಕಟ್ಟೆಗಳ ಮೇಲೆ ಮಲಗಿದ್ದವರೆಲ್ಲ ಎದ್ದು ಕೂತು, ಏನಾಯ್ತು ಏನಾಯ್ತು ಎನ್ನುತ್ತಿದ್ದರು. ಅಧಿಕಾರಿಯೂ ಡೇರೆಯಿಂದ ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬಯ್ಯಲಿಲ್ಲ. ದೂರದರ್ಶಕ ಹಿಡಿದು ಆಚೆ ದಡವನ್ನು ಆ ತುದಿಯಿಂದ ಈ ತುದಿಗೆ ನೋಡಿದರು. "ಎಷ್ಟು ಹೊತ್ತು ಮಲಗುತ್ತಾರೆ?" ಎಂದು ನನ್ನನ್ನು ಕೇಳಿದರು.

ಗೊತ್ತಿರುವುದನ್ನು ಇದ್ದ ಹಾಗೆ ಹೇಳಿದೆ. "ಇಪ್ಪತ್ತಮೂರು ದಿನದ ಬಾಕಿ ಸ್ವಾಮಿ. ಎರಡು ದಿನ ಏಳಲಿಕ್ಕಿಲ್ಲ."

ಗೇಟು ತೆಗೆದರು. ನೂರಿಪ್ಪತ್ತು ಜನ ಸೇತುವೆ ದಾಟಿದರು. ಅಕ್ಕನನ್ನು ತುಳಿಯದಂತೆ ದಾಮಣ್ಣ ಎತ್ತಿ ಪಕ್ಕಕ್ಕೆ ಮಲಗಿಸಿದ. ಒಂದು ಗುಂಡೂ ಹಾರಲಿಲ್ಲ. ಮಲಗಿದ್ದ ನಲವತ್ತು ಜನರ ಕೈಯಿಂದ ಕೋವಿಗಳನ್ನು ಮಕ್ಕಳ ಕೈಯಿಂದ ಆಟಿಕೆ ಬಿಡಿಸಿದ ಹಾಗೆ ಬಿಡಿಸಿಕೊಂಡರು. ನಮ್ಮೂರಿಗೆ ಊರೇ ಸೇತುವೆಯ ಮೇಲೆ ಸೇರಿ ನೋಡಿತು, ನಾನೂ ಸೇರಿ. "ನಾವು ಹೋಗದಿದ್ದರೆ ನಾಳೆ ಅವರು ಬರುತ್ತಿದ್ದರು," ಎಂದರು ಅಧಿಕಾರಿ. ಇರಬಹುದು. ಅದು ಸುಳ್ಳೆಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಹೊಳೆಯನ್ನು ಮಾತ್ರ ಯಾರೂ ನೋಡಲಿಲ್ಲ. ಬಾವ ನಡುನೀರಲ್ಲಿದ್ದರು. ಇಪ್ಪತ್ತಮೂರು ದಿನ ಅಲ್ಲಿ ಹುಡುಕಿದ್ದ ಜೋಂಪು ಆ ಸಂಜೆ ಸಿಕ್ಕಿತು. ಕೊಂಬು ಕೇಳಿದ್ದರೆ ದಡಕ್ಕೆ ಬರುತ್ತಿದ್ದರು. ಕೊಂಬಿಲ್ಲದಿದ್ದರೂ, ಎಚ್ಚರವಿದ್ದ ಊರು ಒಂದು ಸಲ ನೀರಿನ ಕಡೆ ತಿರುಗಿದ್ದರೆ ಎಳೆದುಕೊಳ್ಳುತ್ತಿತ್ತು. ಹರಿಗೋಲು ಕೆಳಗಿನ ಬಂಡೆಗಳಿಗೆ ಬಡಿದು ಮಗುಚಿತ್ತು. ಬೆಳಿಗ್ಗೆ ಸಿಕ್ಕರು.

ಅಕ್ಕ ಆಗಲೂ ಮಲಗಿದ್ದಳು. ಅವಳ ಮಗಳು, ಮಗು, ಊರು, ಎಲ್ಲ ಮಲಗಿತ್ತು. ಬಾವನನ್ನು ಜಗಲಿಯ ಮೇಲೆ ಮಲಗಿಸಿ, ನೊಣ ಓಡಿಸುತ್ತಾ, ಅವಳು ಏಳುವವರೆಗೆ ಒಬ್ಬನೇ ಕೂತೆ. ನಾವಿದ್ದೀವಿ ಎಂದು ಕೊಟ್ಟ ಮಾತಿಗೆ ನಾನು ಕಾದದ್ದು ಅಷ್ಟು. ಮೂರನೆಯ ದಿನ ಎದ್ದು ಬಾಗಿಲಿಗೆ ಬಂದವಳು ಮೊದಲು ಬೀದಿಯಲ್ಲಿದ್ದ ಕಾವಲಿನವರನ್ನು ನೋಡಿದಳು, ಆಮೇಲೆ ಜಗಲಿಯನ್ನು, ಆಮೇಲೆ ನನ್ನ ಹೆಗಲ ಮೇಲಿನ ಕೊಂಬನ್ನು.

"ಎಲ್ಲಾ ದಡದ ಮ್ಯಾಲವ್ರೆ ಅಂದೋಳು ನಾನೇಯಾ," ಎಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಈಗ ಆಚೆಯೂರು ಒಕ್ಕೂಟದ ಇಪ್ಪತ್ತೊಂದನೆಯ ಊರಾಗಬೇಕಾಗಿದೆ. ಗೇಟು ತೆಗೆದಿದ್ದಾರೆ. ನಿದ್ದೆಯ ಸರದಿ ಮೊದಲಿನಂತೆಯೇ ನಡೆಯುತ್ತದೆ, ಕೊಂಬೂ ಮೂರು ಸಲ ಊದುತ್ತೇನೆ. ಅಕ್ಕ ಬರುತ್ತಾಳೆ, ಅಂಗೈ ಕೊಡುತ್ತಾಳೆ, ತೆಗೆದುಕೊಳ್ಳುತ್ತಾಳೆ. ಆ ಎರಡು ಮಾತು ಮಾತ್ರ ಅವಳೂ ಆಡುವುದಿಲ್ಲ, ನಾನೂ ಆಡುವುದಿಲ್ಲ. ಮಾತಿಲ್ಲದಿದ್ದರೂ ನಿದ್ದೆ ದಾಟುತ್ತದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಆದರೆ ಅವರ ಸರದಿಯಲ್ಲೂ ಆ ಊರಿನ ಪ್ರತಿ ಮನೆಯಲ್ಲಿ ಒಬ್ಬರು ಮೊದಲ ಗಳಿಗೆ ಕಳೆಯುತ್ತಲೇ ಎದ್ದು, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಹೀಗೆಂದು ದಾಮಣ್ಣ ಹೇಳಿದ. ನಮ್ಮೂರಿನಲ್ಲೂ ಕೆಲವರು ಹಾಗೆ ಮಾಡುತ್ತಾರೆ.

ಆಚೆಯೂರಿನ ನಮೂನೆ ತುಂಬುವ ಕೆಲಸವನ್ನೂ ಅಧಿಕಾರಿ ನನಗೇ ಒಪ್ಪಿಸಿದರು. ಮೊನ್ನೆ ಹಗಲು ಅಕ್ಕನ ಮನೆಗೆ ಹೋದೆ. ಅವರ ನಿದ್ದೆಯ ಹೊತ್ತು. ಊರು ನಿಶ್ಶಬ್ದವಾಗಿತ್ತು, ಆದರೆ ಪ್ರತಿ ಬಾಗಿಲ ಹಿಂದೆಯೂ ಉಸಿರಾಟ ಕೇಳಿಸಿದಂತಾಯಿತು. ಕದ ತಟ್ಟಿ ಹೆಸರು ಹೇಳಿದ ಮೇಲೆ ಅಗುಳಿ ತೆಗೆದಳು. ತೊಟ್ಟಿಲಲ್ಲಿ ಮಗು ಬಾಯಿ ತೆರೆದುಕೊಂಡು ಮಲಗಿತ್ತು. ಕೆನ್ನೆ ತುಂಬಿಕೊಂಡಿತ್ತು. ಒಂದೊಂದಾಗಿ ಪ್ರಶ್ನೆ ಓದಿದೆ. ಅವಳು ತೊಟ್ಟಿಲು ತೂಗುತ್ತಾ ಉತ್ತರ ಹೇಳಿದಳು. ಬಾವಿ ಏಳು. ಗಾಡಿ ಹದಿನಾಲ್ಕು.

"ಹರಿಗೋಲು?"

"ಒಂದಿತ್ತು."

ಮೂವತ್ತೊಂದನೆಯದಕ್ಕೆ ಬಂದೆ. ಅದನ್ನೂ ಓದಿದೆ. ಊರಿನ ಜನ ಮಲಗಿರುವ ಹೊತ್ತಿನಲ್ಲಿ ಕಾವಲು ಯಾರದು.

ತೊಟ್ಟಿಲು ಎರಡು ಸಲ ಹೋಗಿ ಬಂತು.

"ಅದ ಖಾಲಿ ಬುಡು," ಎಂದಳು.

"ಖಾಲಿ ಬಿಡಬಾರ್ದು ಅಕ್ಕ."

"ಹೋದ್ ಸಲ ನೀ ತುಂಬಿದ್ಯಲ್ಲ. ಸಾಕು."

ಬಿಟ್ಟೆ. ಉಳಿದ ಹನ್ನೊಂದನ್ನು ಬೇಗ ಬೇಗ ಮುಗಿಸಿ ಕಾಗದ ಮಡಚಿದೆ. ಅಕ್ಕ ಎದ್ದು ಬಾಗಿಲ ಹತ್ತಿರ ಬಂದು ನಿಂತಳು. "ವಸಿ ತೂಕಡ್ಕೆ ಬತ್ತಾ ಅದೆ ಮಾದ. ನೀ ಆಚೆಗೋಗು. ಅಗುಳಿ ಹಾಕ್ಕತೀನಿ."

ಹೊಸಲು ದಾಟಿ ಜಗಲಿಗೆ ಬಂದೆ. ಹಿಂದೆ ಅಗುಳಿ ಬಿದ್ದ ಸದ್ದು ಕೇಳಿತು, ಅದನ್ನು ಒಮ್ಮೆ ಎಳೆದು ನೋಡಿದ ಸದ್ದೂ ಕೇಳಿತು. ಕದದ ಹತ್ತಿರ ಬಾಯಿಟ್ಟು, "ಮನಿಕ್ಕೊ ಅಕ್ಕ," ಎಂದೆ. ಮುಂದಿನ ಮಾತಿಗೆ ಬಾಯಿ ತೆರೆದು ಬಹಳ ಹೊತ್ತು ನಿಂತಿದ್ದೆ.